ನನ್ನ ಹಣೆಗೆ ಬಾರದ ಹೆಬ್ಬೆರಳು

ಗುರುಗಳಾದ ಪಾದ್ರಿ ಮಾಸ್ತರರಿಗೆ, ನಿಮ್ಮ ಭಟ್ಟ ಬರೆಯುವುದು.

ನೀವು ಹೋದಿರಿ. ನಿಮ್ಮ ಜೊತೆಗೆ ನನ್ನ ಹೊಟ್ಟೆಕಿಚ್ಚೂ ಹೋಗುತ್ತದೆ ಅಂದುಕೊಂಡಿದ್ದೆ, ಅದು ಹೋಗಲಿಲ್ಲ. ಇನಾಸನ ಹೆಸರು ಯಾರಾದರೂ ಎತ್ತಿದರೆ ಇವತ್ತಿಗೂ ಎದೆಯಲ್ಲಿ ಸಣ್ಣಗೆ ಉರಿಯುತ್ತದೆ. ಸಿದ್ದಾಪುರದಲ್ಲಿ ಹುಡುಗರಿಗೆ ಇಂಗ್ಲಿಷ್ ಕಲಿಸುವ ಮಾಸ್ತರ ನಾನು, ಮದುವೆಯಾದವನು. ಆದರೂ ಸಹಪಾಠಿಯೊಬ್ಬನ ಮೇಲೆ ಹೀಗೆ ಉರಿದುಕೊಳ್ಳುತ್ತೇನೆ ಅಂದರೆ ನೀವು ನಗುತ್ತೀರಿ. ನಗಿ. ಹೇಳುವುದನ್ನೆಲ್ಲ ಹೇಳಿಯೇ ಬಿಡುತ್ತೇನೆ.

ಅಪ್ಪ ನನ್ನನ್ನು ಶಿರಸಿಯ ನಿಮ್ಮ ಶಾಲೆಗೆ ಸೇರಿಸಲು ತಂದ ದಿನ ನೆನಪಿದೆಯೇ? ಕರನಿರಾಕರಣೆಯಲ್ಲಿ ನಮ್ಮ ನಿಲ್ಕುಂದದ ಕಡೆಯ ಎಷ್ಟೋ ಗಂಡಸರು ಜೈಲು ಕಂಡಿದ್ದ ಕಾಲ. "ಊರಿಗೇ ಒಂದು ದಾರಿಯಾದರೆ ಈ ಪೋರನಿಗೇ ಒಂದು ದಾರಿ, ಭಟ್ಟರು ಮಗನನ್ನು ಪಾದ್ರಿಗೆ ಒಪ್ಪಿಸ್ತಿದಾರೆ" ಎಂದು ಜನ ಆಡಿಕೊಂಡರು. ಪೌರೋಹಿತ್ಯ ಮಾಡುವ ಅಪ್ಪನಿಗೆ ಆ ಮಾತು ಚುಚ್ಚಿದ್ದು ನನಗೆ ಗೊತ್ತಿತ್ತು. ಆದರೆ ಒಳ್ಳೆಯ ಇಂಗ್ಲಿಷ್ ಬೇಕೆಂದರೆ ಪಾದ್ರಿ ಶಾಲೆಯೇ ಸೈ ಅಂತ ಅವರು ಹಟ ಹಿಡಿದಿದ್ದರು. ನನ್ನನ್ನು ಜಗಲಿಯ ಮೇಲೆ ಕೂರಿಸಿ, ನಿಮ್ಮ ಕೋಣೆಯೊಳಗೆ ಅದೇನೋ ಮಾತಾಡಿ ಬಂದರು. ಹೊರಗೆ ಬಂದ ನೀವು ನನ್ನನ್ನು ನೋಡಿ, "ಬನ್ನಿ ಭಟ್ಟರೇ, ಒಳಗೆ ಬನ್ನಿ" ಅಂದಿರಿ. ಇನ್ನೂ ಮೀಸೆ ಮೂಡದ ಹುಡುಗನಿಗೆ ಬಹುವಚನ! ಆ ದಿನ ಉಬ್ಬಿಹೋದೆ. ಉಬ್ಬಿದ್ದು ಇಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಏಕೆಂದರೆ ಮರುದಿನವೇ ನೀವು ಇನಾಸನನ್ನು ಕರೆದದ್ದು ಕೇಳಿದೆ. "ಏ ಇನಾಸಾ, ಇಲ್ಲಿ ಬಾರೋ, ಕತ್ತೆ!" ಹೊನ್ನಾವರದ ಕಡೆಯಿಂದ ಘಟ್ಟ ಹತ್ತಿ ಬಂದ ಬಡಗಿಯ ಮಗ ಅವನು, ಶಾಲೆಯ ಬೋರ್ಡಿಂಗಿನಲ್ಲಿ ಇದ್ದವನು. ಕರೆದ ಕೂಡಲೇ ಹಲ್ಲು ಕಿರಿಯುತ್ತಾ ಓಡಿಬಂದ. ನೀವು ಅವನ ಕಿವಿ ಹಿಂಡಿದಿರಿ, ಬೆನ್ನಿಗೊಂದು ಗುದ್ದಿದಿರಿ, ಆಮೇಲೆ ಅವನ ಹೆಗಲ ಮೇಲೆ ಕೈ ಹಾಕಿಕೊಂಡೇ ಇಗರ್ಜಿಯ ಕಡೆ ನಡೆದಿರಿ. ನಾನು ನೋಡುತ್ತಾ ನಿಂತೆ. ನನ್ನ ಕಿವಿಗೇನು ಬಂದಿತ್ತು, ಪಾದ್ರಿಗಳೇ?

ನಿಮ್ಮ ಶಾಲೆಯಲ್ಲಿ ನನಗೆ ಕಡಿಮೆಯಾದದ್ದು ಏನೂ ಇರಲಿಲ್ಲ, ಅದನ್ನೂ ಹೇಳಬೇಕು. ಬ್ರಾಹ್ಮಣ ಹುಡುಗರಿಗೆ ಬೇರೆ ಕೊಡ, ನೀರು ಸೇದಲು ನಮ್ಮವನೇ ಒಬ್ಬ. ಶಾಲೆಯ ಹಬ್ಬದ ದಿನ ಬೋರ್ಡಿಂಗಿನ ಹುಡುಗರಿಗೆ ಅಡಿಗೆಮನೆಯಿಂದ ಬಿಸಿಬಿಸಿ ದೋದೊಲು ಬರುತ್ತಿತ್ತು, ಬೆಲ್ಲ ಕಾಯಿಹಾಲಿನ ಪರಿಮಳ ಅಂಗಳವೆಲ್ಲ. ನಮಗೆ ಬಾಳೆಹಣ್ಣು, ಕೊಬ್ಬರಿ, ಕಲ್ಲುಸಕ್ಕರೆ. ನಮ್ಮ ಮಡಿಯನ್ನು ನೀವು ನಮಗಿಂತ ಹೆಚ್ಚು ಕಾಯ್ದಿರಿ. ಅವರಿಗೆ ದೊತೊರ್ನ್, ಅಂದರೆ ಅವರ ಧರ್ಮಪಾಠ ನಡೆಯುವ ಹೊತ್ತಿಗೆ ಹಲಗೆ ಗೋಡೆಯ ಈಚೆ ನಮಗೆ ಒಬ್ಬ ಮುದುಕ ಮಾಸ್ತರರಿಂದ ನೀತಿಪಾಠ. ಆಚೆ ನೀವು ಏನೋ ಕತೆ ಹೇಳುತ್ತೀರಿ, ಹುಡುಗರೆಲ್ಲ ಗೊಳ್ಳೆಂದು ನಗುತ್ತಾರೆ, ಎಲ್ಲರಿಗಿಂತ ಗಟ್ಟಿಯಾಗಿ ಇನಾಸ. ಈಚೆ ನಾವು 'ಸತ್ಯವನ್ನೇ ನುಡಿಯಬೇಕು' ಎಂದು ಬರೆದುಕೊಳ್ಳುತ್ತಿದ್ದೆವು. ಸತ್ಯವೇ ಬೇಕಾಗಿದ್ದರೆ ಆಗ ನನ್ನನ್ನು ಕೇಳಬೇಕಿತ್ತು!

ಒಂದು ಸಲ ಬೇಕೆಂದೇ ಇಂಗ್ಲಿಷ್ ನಿಬಂಧ ಬರೆಯದೆ ಬಂದದ್ದು ನಿಮಗೆ ತಿಳಿದಿತ್ತೇ? ಬರೆಯದವರಿಗೆಲ್ಲ ಬೆತ್ತದ ರುಚಿ ತೋರಿಸುತ್ತಿದ್ದಿರಿ. ಇನಾಸನಿಗೆ ಎರಡೂ ಅಂಗೈ ಕೆಂಪಾಯಿತು. ಅವನ ಪಕ್ಕದಲ್ಲೇ ಕೈ ಚಾಚಿ ನಿಂತೆ. ನೀವು ಬೆತ್ತವನ್ನು ಬೆನ್ನ ಹಿಂದೆ ಹಿಡಿದು, "ಭಟ್ಟರೇ, ಆರೋಗ್ಯ ಸರಿಯಿಲ್ಲವೇ? ನಾಳೆ ಬರೆದುಕೊಂಡು ಬನ್ನಿ" ಅಂದಿರಿ. ಸಂಜೆ ನೋಡಿದರೆ ಅದೇ ಇನಾಸನ ಅಂಗೈಗೆ ನೀವೇ ಕೊಬ್ಬರಿ ಎಣ್ಣೆ ಸವರುತ್ತಿದ್ದೀರಿ. ಏಟೂ ಅವನಿಗೆ, ಎಣ್ಣೆಯೂ ಅವನಿಗೆ. ಇಂಗ್ಲಿಷಿನಲ್ಲಿ ಅವನು ನನ್ನ ಕಾಲ ಬುಡಕ್ಕೂ ಬರುತ್ತಿರಲಿಲ್ಲ. ಎಲ್ಲದರಲ್ಲೂ ಮೊದಲನೆಯವನಾಗಿ ನಾನು ಗಳಿಸಿದ್ದೇನು ಅಂತ ಆ ಸಂಜೆ ಶಿರಸಿಯಲ್ಲಿ ನಾನಿದ್ದ ನೆಂಟರ ಮನೆಗೆ ಹೋಗುವ ದಾರಿಯುದ್ದಕ್ಕೂ ಕೇಳಿಕೊಂಡೆ.

ಆದರೆ ಇದೆಲ್ಲ ಸಣ್ಣದು. ನನ್ನನ್ನು ಸುಟ್ಟದ್ದು ಮುಸ್ಸಂಜೆಯ ಆ ಸಾಲು. ಇಗರ್ಜಿಯ ಗಂಟೆ ಬಾರಿಸಿ, ಪ್ರಾರ್ಥನೆ ಮುಗಿದ ಮೇಲೆ, ಬೋರ್ಡಿಂಗಿನ ಹುಡುಗರು ಮೆಟ್ಟಿಲ ಬಳಿ ನಿಮ್ಮ ಮುಂದೆ ಸಾಲಾಗಿ ಬರುತ್ತಿದ್ದರು. "ಬೆಸಾಂವ್ ದೀ, ಪಾದ್ರ್ಯಾಬಾ," ಆಶೀರ್ವಾದ ಕೊಡಿ ಎಂದು ಕೇಳುತ್ತಿದ್ದರು. ನೀವು ಒಬ್ಬೊಬ್ಬನ ಹಣೆಯ ಮೇಲೂ ಹೆಬ್ಬೆರಳಿನಿಂದ ಶಿಲುಬೆಯ ಗುರುತು ಎಳೆದು, "ದೇವ್ ಬರೆಂ ಕರುಂ" ಅನ್ನುತ್ತಿದ್ದಿರಿ. ದೇವರು ಒಳ್ಳೆಯದು ಮಾಡಲಿ, ಅಷ್ಟೇ. ಇನಾಸ ಬೇಕೆಂದೇ ಕೊನೆಯಲ್ಲಿ ನಿಲ್ಲುತ್ತಿದ್ದ, ಅವನ ಹಣೆಯ ಮೇಲೆ ನಿಮ್ಮ ಬೆರಳು ಒಂದು ಗಳಿಗೆ ಹೆಚ್ಚು ನಿಲ್ಲುತ್ತಿತ್ತು. ಪಾಠ ಕೇಳುವ ನೆವದಲ್ಲಿ ಉಳಿದುಕೊಂಡು ಇದನ್ನು ದಿನವೂ ನೋಡಿದವನು ನಾನು. ನನಗೆ ನಿಮ್ಮ ಶಿಲುಬೆ ಬೇಕಿರಲಿಲ್ಲ. ನನ್ನ ಹಣೆಯಲ್ಲಿ ನನ್ನ ಗಂಧವಿತ್ತು, ಅದು ಸಾಕಿತ್ತು. ಬೇಕಾಗಿದ್ದದ್ದು ಆ ಬೆರಳು, ನಿಮ್ಮ ಬೆರಳು...

ಮೆಟ್ರಿಕ್ ಪರೀಕ್ಷೆಗೆ ಧಾರವಾಡಕ್ಕೆ ಹೊರಟ ಬೆಳಿಗ್ಗೆ ಧೈರ್ಯ ಮಾಡಿದೆ. ಧಾರವಾಡದ ಸಾಹೇಬರೊಬ್ಬರು ತಾವೇ ಓಡಿಸುತ್ತಿದ್ದ ಸರ್ವಿಸ್ ಮೋಟಾರು ಶಾಲೆಯ ಎದುರಿಗೇ ಬಂದು ನಿಂತಿತ್ತು. "ಲಗೂ ಬರ್ರಿ, ಬಿಸಿಲೇರೂದ್ರಾಗ ಹಾದಿ ಹಿಡೀಬೇಕು" ಎಂದು ಸಾಹೇಬರು ಅವಸರ ಮಾಡುತ್ತಿದ್ದರು. ಹೊರಟ ಹುಡುಗರಿಗೆಲ್ಲ ನೀವು ಹೆಬ್ಬೆರಳಿನ ಆಶೀರ್ವಾದ ಕೊಡುತ್ತಿದ್ದಿರಿ. ಇನಾಸನ ಹಿಂದೆ ಹೋಗಿ ನಿಂತೆ. ನನ್ನ ಸರದಿ ಬಂತು. ತಲೆ ಬಗ್ಗಿಸಿದೆ. ನಿಮ್ಮ ಕೈ ಮೇಲೆ ಬಂದದ್ದು ಕಂಡೆ, ಅದು ಅರ್ಧದಲ್ಲೇ ನಿಂತಿತು. ತಲೆಯೆತ್ತಿ ನೋಡಿದರೆ ನೀವು ಎರಡೂ ಕೈ ಜೋಡಿಸಿ, ತಲೆ ಬಾಗಿಸಿ, ನನಗೆ ನಮಸ್ಕಾರ ಮಾಡುತ್ತಿದ್ದೀರಿ! "ಹೋಗಿ ಬನ್ನಿ ಭಟ್ಟರೇ. ಪ್ರಶ್ನೆಯನ್ನು ಚೆನ್ನಾಗಿ ಓದಿಕೊಂಡು ಬರೆಯಿರಿ."

"ಅರೆ! ಗುರುಗಳೇ ಶಿಷ್ಯಗ ಕೈ ಮುಗದ್ರಲ್ರೀ" ಎಂದು ಸಾಹೇಬರು ನಕ್ಕರು. ಹಿರಿಯರು ಕೈ ಮುಗಿದರೆ ಕಿರಿಯರ ಆಯುಷ್ಯ ಕಡಿಮೆಯಾಗುತ್ತದೆ ಅನ್ನುತ್ತಾರೆ ನಮ್ಮಲ್ಲಿ. ಆ ಹೊತ್ತಿಗೆ ಹಾಗೇ ಆಗಲಿ ಅನ್ನಿಸಿತು. ಧಾರವಾಡದವರೆಗೂ ಪಕ್ಕದಲ್ಲಿದ್ದ ಇನಾಸನಿಗೆ ಬೆನ್ನು ತಿರುಗಿಸಿಯೇ ಕೂತಿದ್ದೆ. ಅದಾದ ಮೇಲೆ ನಿಮ್ಮನ್ನು ನೋಡಲು ಬಂದಾಗಲೆಲ್ಲ ದೂರದಲ್ಲೇ ಕೂರುತ್ತಿದ್ದೆ. ಅಷ್ಟು ಹೊತ್ತಿಗೆ ನೀವು ಇನಾಸನನ್ನು ಅದೇ ಶಾಲೆಗೆ ಕವಾಯತಿನ ಮಾಸ್ತರನನ್ನಾಗಿ ಮಾಡಿಕೊಂಡಿದ್ದಿರಿ. ಕವಾಯತಿಗೆ ಇಂಗ್ಲಿಷ್ ಬೇಡವಲ್ಲ.

ನೀವು ತೀರಿಕೊಂಡ ಸುದ್ದಿ ಬಂದ ದಿನ ನಾನು ಊರಿನಲ್ಲಿದ್ದೆ. ಸುದ್ದಿ ಕೇಳಿದ ಅಪ್ಪ ನೇರ ಬಾವಿಕಟ್ಟೆಗೆ ಹೋಗಿ ತಣ್ಣೀರು ಸೇದಿ ತಲೆಯ ಮೇಲೆ ಸುರಿದುಕೊಂಡರು.

"ಎಂತಕ್ಕೆ ಈಗ ಸ್ನಾನ? ಎಂಗ್ಳ ಪೈಕಿ ಯಾರು ಹೋದ್ದು?" ಎಂದು ಅಮ್ಮ ಗಾಬರಿಯಿಂದ ಕೇಳಿದಳು.

"ಪಾದ್ರಿಗಳು" ಅಂದರು ಅಪ್ಪ. ಒದ್ದೆ ಪಂಚೆಯಲ್ಲೇ ನನ್ನ ಕಡೆ ತಿರುಗಿದರು. "ನಿನ್ನ ಹಣೆ ಮುಟ್ಟಲಾಗ ಹೇಳಿ ಆನೇ ಮಾತು ತಗಂಡಿದ್ದು, ಶಾಲೆಗೆ ಸೇರಿಸಿದ ದಿನ. ಅವರ ಬೆರಳು ಹಣೆಗೆ ಬಿದ್ರೆ ಜಾತಿ ಹೋತು, ಅದು ದೀಕ್ಷೆ ಕೊಟ್ಟಾಂಗೆ ಹೇಳಿ ಎಂಗೆ ಹೆದರಿಕೆ. ಕೊಟ್ಟ ಮಾತು ತಪ್ಪಿದವರಲ್ಲ ಅವರು."

"ಎಂಗೆ ಎಂತಕ್ಕೆ ಹೇಳಿದ್ದಿಲ್ಲೆ?" ಎಂದೆ.

"ನೀನು ಕೇಳಿದ್ದಿಲ್ಲೆ."

ಹೌದು, ಕೇಳಿರಲಿಲ್ಲ. ಇಂಥದ್ದನ್ನು ಯಾರಾದರೂ ಕೇಳುತ್ತಾರೆಯೇ? ಕಿವಿ, ಬೆತ್ತ, ಹೆಗಲು, ಎಲ್ಲ ನೆನಪಾಯಿತು. ಹಣೆ ಮುಟ್ಟಬೇಡಿ ಎಂದು ಅಪ್ಪ ಮಾತು ತೆಗೆದುಕೊಂಡರೆ ನೀವು ನನ್ನ ಕಿರುಬೆರಳನ್ನೂ ಮುಟ್ಟದೆ ಉಳಿದಿರಿ. ಇಷ್ಟು ಪ್ರಾಮಾಣಿಕರಾಗಬೇಕಿತ್ತೇ, ಪಾದ್ರಿಗಳೇ? ಒಂದೇ ಒಂದು ಸಲ ಮರೆತಿದ್ದರೆ...

ಶಿರಸಿಗೆ ಬಂದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಗರ್ಜಿಯ ಹಿಂದಿನ ಹಸಿ ಮಣ್ಣಿನ ಮೇಲೆ ಮೇಣದ ಬತ್ತಿಗಳು. ಇನಾಸ ಒಬ್ಬನೇ ಕೂತಿದ್ದ. ಕೊನೆಯ ರಾತ್ರಿ ನಿಮ್ಮ ಪಕ್ಕದಲ್ಲಿದ್ದವನೂ ಅವನೇ ಅಂತೆ, ಕೊನೆಯ ಬೆಸಾಂವ್ ಕೂಡ ಅವನಿಗೇ ಅಂತೆ. ಇದನ್ನು ಅವನೇ ಹೇಳಿದ. ಅಳುವವನ ಮೇಲೂ ಉರಿದುಕೊಂಡೆ, ಏನು ಮಾಡಲಿ. ಅಷ್ಟರಲ್ಲಿ ಅವನು ಕಣ್ಣೊರೆಸಿಕೊಂಡು ಅಂದ:

"ನಿನ್ನ ಕಂಡ್ರೆ ನಂಗೆ ಎಷ್ಟು ಹೊಟ್ಟೆಕಿಚ್ಚಿತ್ತು ಗೊತ್ತಿದ್ಯಾ ಮಾರಾಯ?"

"ನನ್ನ ಮೇಲೆ? ನಿನಗೆ?"

"ಮತ್ತೆ? ನಂಗೆ ಕತ್ತೆ ಅಂತಿದ್ರು, ನಾಯಿಮರಿ ಹಾಂಗೆ ತಲೆ ಸವರ್ತಿದ್ರು. ನಿಂಗೆ ಭಟ್ಟರೇ, ಬನ್ನಿ, ಕೂತ್ಕೊಳ್ಳಿ. ಆ ದಿವ್ಸ ಮೋಟಾರಿನ ಹತ್ರ ನಿಂಗೆ ತಲೆ ಬಗ್ಗಿಸಿ ಕೈ ಮುಗದ್ರಲ್ಲ... ಬಿಷಪ್ಪರನ್ನ ಬಿಟ್ರೆ ಮತ್ಯಾರಿಗೂ ಅವ್ರು ಹಾಂಗೆ ತಲೆ ಬಗ್ಗಿಸಿದ್ದು ನಾ ನೋಡಿಲ್ಲ. ಧಾರವಾಡದಲ್ಲಿ ಪ್ರಶ್ನೆಪತ್ರಿಕೆ ಎದುರಿಗಿಟ್ಕಂಡ್ರೂ ನಂಗೆ ಅದೇ ಕಾಣ್ತಿತ್ತು."

ಕ್ಷಮಿಸಿ ಪಾದ್ರಿಗಳೇ, ನಿಮ್ಮ ಗೋರಿಯ ಮುಂದೆ ನನಗೆ ನಗು ಬಂತು. ಮೆಟ್ರಿಕ್ ಪಾಸಾದ ದಿನವೂ ಅಷ್ಟು ಸಂತೋಷವಾಗಿರಲಿಲ್ಲ. ನಗುತ್ತಲೇ ಅತ್ತೆ. ಮುಟ್ಟಬಾರದೆಂದು ಕಟ್ಟಿಹಾಕಿದ ಕೈಗಳು ಜೋಡಿಸಿಕೊಳ್ಳದೆ ಮತ್ತೇನು ಮಾಡಬೇಕಿತ್ತು? ನಿಮ್ಮ ಹತ್ತೂ ಬೆರಳುಗಳನ್ನು ನನಗಾಗಿ ಜೋಡಿಸಿದ್ದಿರಿ, ನಾನು ಒಂದೇ ಬೆರಳಿನ ಲೆಕ್ಕ ಹಿಡಿದುಕೊಂಡು ಕೂತಿದ್ದೆ.

"ಇಲ್ಲಿ ಬಾ" ಎಂದು ಇನಾಸ ಹೆಬ್ಬೆರಳು ಎತ್ತಿದ. "ಅವ್ರು ಕೊಟ್ಟಿದ್ದು ನಿಂಗೂ ಕೊಡ್ತೆ."

"ಬೇಡ ಮಾರಾಯ, ನಿನ್ನ ಬೆರಳು ಯಾರಿಗೆ ಬೇಕು!" ಅಂದೆ.

ಅವನೂ ನಕ್ಕ. ಆಮೇಲೆ ಮೆಲ್ಲಗೆ ಕೇಳಿದ: "ಹಾಂಗಾರೆ ನೀನಾದ್ರೂ ಒಂದ್ಸಲ ತೋರ್ಸು. ಅವ್ರು ಎದುರಿಗೆ ನಿಂತು ನಮಸ್ಕಾರ ಮಾಡಿದ್ರೆ ಹ್ಯಾಂಗೆ ಕಾಣ್ತದೆ? ನಾ ಪಕ್ಕದಿಂದ ಮಾತ್ರ ನೋಡಿದ್ದು."

ನಿಮಗೆ ಯಾರೂ ಹೇಳಿರಲಾರದ ಸುದ್ದಿ ಇದು, ಅದಕ್ಕೇ ಬರೆದೆ. ನಾನು ತೋರಿಸಲಿಲ್ಲ. ಕೈಗಳನ್ನು ಶಲ್ಯದೊಳಗೆ ಬಚ್ಚಿಟ್ಟುಕೊಂಡೆ. ಮುಂದಿನ ವರ್ಷ ಇದೇ ದಿನ ಬರುತ್ತೇನೆ, ಆಗ ತೋರಿಸುತ್ತೇನೆ, ನಿಮ್ಮಾಣೆ. ಅಲ್ಲಿಯವರೆಗೆ ಅವನು ಸ್ವಲ್ಪ ಉರಿಯಲಿ.