ಶೇಂಗಾ ಹೊಲದಲ್ಲಿ ನನ್ನ ಫೋಟೋ

ಬಂಕಾಪುರ, ಸೋಮವಾರ

ಚಿಕ್ಕಮ್ಮಾ,

ಆರಾಮಾಗಿದ್ದೇನೆ, ಇಲ್ಲಿನ ಚಟ್ನಿಯ ಖಾರಕ್ಕೂ ಹೊಟ್ಟೆ ಒಗ್ಗಿದೆ. ಬಿತ್ತಿದ ಶೇಂಗಾವನ್ನು ನವಿಲುಗಳು ಕೆದಕಿ ತಿನ್ನುತ್ತವೆಂದು ರೈತರು ವಿಷ ಇಡುವ ಮಾತಾಡುತ್ತಿದ್ದರು. ಬೇಡವೆಂದು ಶುಕ್ರವಾರ ಎರಡು ಗಂಟೆ ಭಾಷಣ ಮಾಡಿದೆ. ಒಬ್ಬರೂ ತಲೆಯಾಡಿಸಲಿಲ್ಲ. ಕೊನೆಗೆ ಮಹಾದೇವಕ್ಕ ಎಂಬ ರೈತ ಹೆಂಗಸು ಮಾತ್ರ ವೇದಿಕೆಯ ಬ್ಯಾನರನ್ನು ಕೇಳಿ ಒಯ್ದರು. ಅದರಲ್ಲಿ ‘ನವಿಲು ಉಳಿಸಿ’ ಎಂಬುದಕ್ಕಿಂತ ನನ್ನ ಫೋಟೋನೇ ದೊಡ್ಡದು. ಒಬ್ಬರ ಮನಸ್ಸಾದರೂ ಕರಗಿತಲ್ಲ ಎಂದು ಹಿಗ್ಗಿದೆ.

ಇವತ್ತು ಅವರ ಹೊಲಕ್ಕೆ ಹೋದರೆ, ನಟ್ಟನಡುವೆ ಎರಡು ಗಳ ನೆಟ್ಟು ನನ್ನನ್ನು ಬಿಗಿದು ಕಟ್ಟಿದ್ದಾರೆ! ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿದ್ದೇನೆ.

“ಬರ್ರಿ ಮೇಡಂ! ನಿಮ್ಮ ಮಾರಿ ನೋಡಿ ಮೂರು ದಿನದಿಂದ ಒಂದ ನವಿಲೂ ಈ ಕಡೆ ಸುಳದಿಲ್ಲ ನೋಡ್ರಿ. ಇನ್ನ ವಿಷಾ ಯಾಕ ಬೇಕ? ಊರಾಗ ಎಲ್ಲಾರೂ ಕೇಳಾಕತ್ತಾರ, ಇನ್ನೊಂದ ಇಪ್ಪತ್ತ ಮಾಡಿಸಿ ಕೊಡ್ರಿ” ಅಂದರು.

ನವಿಲು ಉಳಿದರೆ ಸಾಕೆಂದು ಇಪ್ಪತ್ತಕ್ಕೂ ಹೇಳಿಬಂದೆ.

ಗಂಡಿನ ಕಡೆಯವರಿಗೆಲ್ಲ ನೀನು ಕಳಿಸುತ್ತಿರುವುದೂ ಇದೇ ಫೋಟೋ ಅಲ್ಲವೇ? ದಯವಿಟ್ಟು ಬದಲಿಸಬೇಡ. ನನಗೆ ಇಲ್ಲಿ ಇನ್ನೂ ಎರಡು ವರ್ಷ ಕೆಲಸವಿದೆ.

ಪದ್ಮಜಾ