ಈ ಸೀಲು ಇಲ್ಲಿ ನಡೆಯುವುದಿಲ್ಲ

ಮಾಹೂಝ್, ಬಹರೈನ್
16 ನವೆಂಬರ್ 2025, ಆದಿತ್ಯವಾರ

ಪ್ರೀತಿಯ ತಂಗಿ ಜಾನಿಸ್,

'ಪ್ರೀತಿಯ' ಎಂಬುದು ಅಭ್ಯಾಸಬಲದಿಂದ ಬಂತು, ಅದರಲ್ಲಿ ಹೆಚ್ಚು ಅರ್ಥ ಹುಡುಕಬೇಡ. ಆರೋಗ್ಯವಾಗಿದ್ದೀಯಾ? ಜಪಾನಿನಲ್ಲಿ ಈಗ ಚಳಿ ಶುರುವಾಗಿರಬೇಕು, ನಿನ್ನ ಉಬ್ಬಸ ಹೇಗಿದೆ? ಕೇಳಬೇಕಾದ್ದನ್ನು ಕೇಳಿಯಾಯಿತು. ಇಲ್ಲಿ ನಾನು, ನಿನ್ನ ಅತ್ತಿಗೆ ಐವಿ, ಮಗ ಆನ್ಸನ್ ಚೆನ್ನಾಗಿದ್ದೇವೆ. ಅಮ್ಮ ಚೆನ್ನಾಗಿಲ್ಲ. ನೀನು ವಾಟ್ಸಾಪಿನಲ್ಲಿ ನನ್ನನ್ನು ಬ್ಲಾಕ್ ಮಾಡಿ ಕೂತಿರುವುದರಿಂದ ಹತ್ತು ವರ್ಷಗಳ ಮೇಲೆ ಕಾಗದ ಬರೆಯುವ ಯೋಗ ಬಂದಿದೆ. ಮಾತು ಕೊಂಕಣಿಯಾದರೂ ಕಾಗದ ಕನ್ನಡದಲ್ಲೇ ಇರಬೇಕೆಂದು ಮಾಸ್ಟರಾಗಿದ್ದ ಅಪ್ಪ ಕಲಿಸಿದ್ದು. ತಪ್ಪಿದ್ದರೆ ತಿದ್ದಿಕೊಂಡು ಓದು.

ಅಮ್ಮನ ಹೃದಯದ ವಾಲ್ವ್ ಪೂರ್ತಿ ಕೆಟ್ಟಿದೆ. ಅಡುಗೆಮನೆಯಿಂದ ಸೋಫಾದವರೆಗೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿಯುತ್ತಾಳೆ. ಡಿಸೆಂಬರ್ ನಾಲ್ಕಕ್ಕೆ ಆಪರೇಶನ್ ಎಂದು ಡಾಕ್ಟರು ದಿನ ಕೊಟ್ಟಿದ್ದಾರೆ, ಇನ್ನು ಮುಂದೆ ಹಾಕುವ ಹಾಗಿಲ್ಲ ಎಂದೂ ಹೇಳಿದ್ದಾರೆ. ಎಪ್ಪತ್ತಾರರ ಜೀವ, ಏನೂ ಆಗಬಹುದು. ಇಂಥ ಹೊತ್ತಿನಲ್ಲಿ ಹೆತ್ತ ಮಗಳು ಷರತ್ತು ಹಾಕುತ್ತಾಳೆ. ಬಂದರೆ ಮಿಚಿರು ಜೊತೆ ದಂಪತಿಯಾಗಿಯೇ ಬರುತ್ತಾಳಂತೆ, ಇಲ್ಲದಿದ್ದರೆ ಬರುವುದೇ ಇಲ್ಲವಂತೆ. ಐವಿಯ ಫೋನಿಗೆ ನೀನು ಕಳಿಸಿದ ಆ ಮೆಸೇಜನ್ನು ಓದಿದಾಗ ಫೋನನ್ನೇ ನೆಲಕ್ಕೆ ಅಪ್ಪಳಿಸಬೇಕು ಅನ್ನಿಸಿತು. ಅವಳ ಫೋನಾದ್ದರಿಂದ ಸುಮ್ಮನಾದೆ.

ಇನ್ನು ಆ ಮೆಸೇಜಿನ ಜೊತೆ ನೀನು ಫೋಟೋ ಕಳಿಸಿದ ಕಾರ್ಡಿನ ವಿಷಯ. ಇಪ್ಪತ್ತೆರಡು ವರ್ಷಗಳಿಂದ ಸೀಫ್‌ನ ಕಂಪನಿಯೊಂದರಲ್ಲಿ ನೌಕರರ ವೀಸಾ ಕಾಗದಪತ್ರ ನೋಡಿಕೊಳ್ಳುತ್ತಿರುವವನಿಗೆ ನೀನು ಕಾರ್ಡು ತೋರಿಸುತ್ತೀಯಲ್ಲ, ನಿನ್ನ ಧೈರ್ಯಕ್ಕೆ ಮೆಚ್ಚಬೇಕು. ಒಬ್ಬನ ಹೆಂಡತಿ ಇಲ್ಲಿಗೆ ಬರಬೇಕಾದರೆ ಮದುವೆ ಸರ್ಟಿಫಿಕೇಟು ಎಷ್ಟು ಮೇಜು ಹತ್ತಿ ಇಳಿಯಬೇಕೆಂದು ನನಗೆ ಗೊತ್ತು. ನಮ್ಮ ಡ್ರೈವರ್ ಮೊಯಿದಿನ್‌ನ ಸರ್ಟಿಫಿಕೇಟಿನಲ್ಲಿ ಸೀಲಿನ ಶಾಯಿ ಹರಡಿತ್ತು ಎಂಬ ಒಂದೇ ಕಾರಣಕ್ಕೆ ಅವನ ಹೆಂಡತಿ ಸುಲೈಖಾ ಎಂಟು ತಿಂಗಳು ಊರಲ್ಲೇ ಉಳಿದಳು. ಅದೂ ಎಲ್ಲ ದೇಶವೂ ಒಪ್ಪುವಂಥ ಮದುವೆ! ನಿನ್ನದೋ, ಆದದ್ದು ನ್ಯೂಜಿಲೆಂಡಿನಲ್ಲಿ. ಈಗ ಇರುವ ಜಪಾನ್ ಅದನ್ನು ಮದುವೆ ಎನ್ನುವುದಿಲ್ಲ. ನಿಮ್ಮ ಊರಿನ ನಗರ ಕಚೇರಿ ಮಾತ್ರ ಒಪ್ಪಿ ಕಾರ್ಡು ಕೊಟ್ಟಿದೆ. ಕಸ ಎತ್ತುವವರು, ಚರಂಡಿ ನೋಡುವವರು ಯಾವಾಗಿನಿಂದ ಮದುವೆ ಮಾಡಿಸಲು ಶುರುಮಾಡಿದರು ಮಾರಾಯ್ತಿ? ಮಿಚಿರುಗೆ ಅಪೆಂಡಿಕ್ಸ್ ಆಪರೇಶನ್ ಆದಾಗ ಆ ಕಾರ್ಡು ನೋಡಿಯೇ ನಿನ್ನನ್ನು ವಾರ್ಡಿನೊಳಗೆ ಬಿಟ್ಟರು ಎಂದು ನೀನೇ ಬರೆದಿದ್ದೆ. ಬಿಡಲಿ, ಸಂತೋಷ. ಅದು ಅಲ್ಲಿ. ಇಲ್ಲಿನ ಯಾವ ಕೌಂಟರಿನಲ್ಲೂ ಅದನ್ನು ಮುಂದೆ ಇಡಲು ನನ್ನ ಕೈ ಬರುವುದಿಲ್ಲ.

ನನ್ನ ಕೈ ಬರದಿದ್ದರೇನು, ಅಮ್ಮನ ಕೈ ಬಂತು. ನೀನು ಕಳಿಸಿದ ಆ ಕಾರ್ಡಿನ ಫೋಟೋವನ್ನು ಆನ್ಸನ್ ಹತ್ತಿರ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ ಬೇರೆ ಮಾಡಿಸಿ, ಪ್ರಾರ್ಥನೆ ಪುಸ್ತಕದೊಳಗೆ ಇಟ್ಟುಕೊಂಡಿದ್ದಳು. ಮೊನ್ನೆ ಶುಕ್ರವಾರ ಬಲಿಪೂಜೆ ಮುಗಿದು ಎಲ್ಲರೂ ಇಗರ್ಜಿಯ ಅಂಗಳದಲ್ಲಿ ಚಹಾ ಕುಡಿಯುತ್ತಿದ್ದಾಗ ಅದನ್ನು ತೆಗೆದು ಹಾಡಿನ ಗುಂಪಿನ ವಾಯೊಲೆಟ್ ಬಾಯಿಯವರ ಮುಂದೆ ಹಿಡಿದಳು. "ನನ್ನ ಜಾನಿಸ್‌ನ ಮದುವೆಗೆ ಸರ್ಕಾರದವರೇ ಸೀಲ್ ಹಾಕಿ ಆಯ್ತು" ಎಂದಳು. ಹುಡುಗನ ಹೆಸರೇನು ಎಂದು ಅವರು ಕೇಳಿದರು. ಮಿಚಿರು ಎಂದಳು. ಹುಡುಗ ಕ್ಯಾಥೊಲಿಕನಾ ಎಂದು ಕೇಳಿದ್ದಕ್ಕೆ, "ಹುಡುಗ ಅಲ್ಲ ಬಾಯಿ, ಹುಡುಗಿ. ಲಾಯ್ಕ್ ಉಂಟು, ನೋಡಿ" ಎಂದು ಆನ್ಸನ್‌ನ ಫೋನಿನಲ್ಲಿ ನಿಮ್ಮಿಬ್ಬರ ಫೋಟೋ ತೋರಿಸಿದಳು. ವಾಯೊಲೆಟ್ ಬಾಯಿ ಅರ್ಧ ಸಮೋಸ ಕೈಯಲ್ಲೇ ಹಿಡಿದು ಕಾರು ಹತ್ತಿದರು. ಅವರ ಗಂಡ ಸಿಡ್ನಿ ನನ್ನ ಬೆನ್ನು ತಟ್ಟಿ "ಹೋಗಲಿ ಬಿಡು ಕಜೆಟನ್" ಎಂದ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಐವಿಯನ್ನು ಹಾಡಿನ ಗುಂಪಿನ ಅಭ್ಯಾಸಕ್ಕೆ ಈ ವಾರ ಯಾರೂ ಕರೆದಿಲ್ಲ.

ಮನೆಗೆ ಬಂದು ಅಮ್ಮನ ಮೇಲೆ ರೇಗಿದೆ. ಅದು ಮದುವೆಯ ಸರ್ಟಿಫಿಕೇಟೇ ಅಲ್ಲ, ಊರಿನ ಕಚೇರಿಯವರು ಕೊಟ್ಟ ಬರೀ ಕಾರ್ಡು ಎಂದು ಬಿಡಿಸಿ ಹೇಳಿದೆ. "ಸೀಲ್ ಉಂಟಲ್ಲ ಪುತಾ, ಮತ್ತೆಂತ?" ಎಂದಳು. ಇಷ್ಟು ವರ್ಷ ರಾತ್ರಿಯೂಟದ ಹೊತ್ತಿಗೆ ಸೀಲಿಲ್ಲದೆ ಯಾವುದೂ ಇಲ್ಲ, ಸೀಲು ಬಿದ್ದ ಮೇಲೆ ಯಾರೂ ತಕರಾರು ಎತ್ತುವ ಹಾಗಿಲ್ಲ ಎಂದು ಅವಳಿಗೆ ಕೊರೆದವನು ನಾನೇ. ಅದನ್ನು ಅವಳು ನಂಬಿಬಿಟ್ಟಿದ್ದಾಳೆ.

ನನ್ನ ಸಿಟ್ಟು ಊರವರ ಬಾಯಿಗೆ ಹೆದರಿ ಬಂದದ್ದು ಎಂದು ನೀನು ಅಂದುಕೊಳ್ಳುತ್ತೀ. ಅದೂ ಇದೆ, ಸುಳ್ಳು ಹೇಳುವುದಿಲ್ಲ. ನಿಮ್ಮ ಈ ಸಂಬಂಧ ನನಗೆ ಹಿಡಿಸಿಲ್ಲ, ಹಿಡಿಸುವುದೂ ಇಲ್ಲ, ಅದನ್ನೂ ಬರೆದುಬಿಡುತ್ತೇನೆ. ಆದರೆ ಮದುವೆಯ ಮುನ್ನಾದಿನ ನಿನ್ನ ರೋಸ್‌ನಲ್ಲಿ ನಿನ್ನ ತಲೆಗೆ ತೆಂಗಿನಹಾಲು ಹಾಕಬೇಕಾಗಿದ್ದ ಅಣ್ಣ ನಾನು. ಅಪ್ಪ ಹೋದ ಮೇಲೆ ಮನೆಯವರ ಪರವಾಗಿ ನಿಲ್ಲಬೇಕಾಗಿದ್ದವನೂ ನಾನೇ. ಮದುವೆಯಾಗಿ ಮೂರು ವರ್ಷವಾಗಿತ್ತು ಎಂದು ನನಗೆ ಮೊನ್ನೆ ಆ ಮೆಸೇಜಿನಿಂದ ತಿಳಿಯಿತು. 'ಹೇಳಿದ್ದರೆ ನೀನು ಏನು ಮಾಡುತ್ತಿದ್ದೆ' ಎಂದು ನನ್ನನ್ನು ಕೇಳಬೇಡ. ಜಗಳ ಮಾಡುತ್ತಿದ್ದೆ. ಆ ಜಗಳವನ್ನಾದರೂ ನನಗೆ ಬಿಡಬಹುದಿತ್ತು.

ಆದ್ದರಿಂದ ನನ್ನ ತೀರ್ಮಾನ ಕೇಳು. ನೀನು ಬಾ, ಒಬ್ಬಳೇ ಬಾ. ಆನ್ಸನ್‌ನ ಕೋಣೆ ಖಾಲಿ ಮಾಡಿಸುತ್ತೇನೆ, ಏರ್‌ಪೋರ್ಟಿಗೆ ನಾನೇ ಬರುತ್ತೇನೆ. ಮಿಚಿರುವನ್ನು ಕರೆದುಕೊಂಡು ಬರುವುದಾದರೆ ಹೋಟೆಲು ನೋಡಿಕೊಳ್ಳಿ, ನನ್ನ ಬಾಗಿಲು ತಟ್ಟಬೇಡಿ. ಅಮ್ಮನ ಜೀವಕ್ಕಿಂತ ನಿನ್ನ ಹಟ ದೊಡ್ಡದಾದರೆ ಅಲ್ಲೇ ಇರು, ನಿನಗೂ ನಮಗೂ ಸಂಬಂಧ ಅಲ್ಲಿಗೆ ಮುಗಿಯಿತು.

ಐವಿ ನಿನ್ನನ್ನು ನೆನೆದಿದ್ದಾಳೆ. ಆನ್ಸನ್ ಇಂಗ್ಲಿಷಿನಲ್ಲಿ ಏನೋ ಹೇಳಿದ, ಅದು ನಿನ್ನ ಪರವಾಗಿ ಇದ್ದುದರಿಂದ ಬರೆಯುವುದಿಲ್ಲ. ಅಮ್ಮನ ಬೆಸಾಂವ್ ತಲೆಯ ಮೇಲಿರಲಿ. ಅವಳು ಆಶೀರ್ವಾದ ಹೇಳಿದ್ದು ಇಬ್ಬರಿಗೂ, ನಾನು ಬರೆಯುತ್ತಿರುವುದು ನಿನಗೆ. ದೇವರು ನಿನಗೆ ಸ್ವಲ್ಪ ಬುದ್ಧಿ ಕೊಡಲಿ.

ನಿನ್ನ ಅಣ್ಣ,
ಕಜೆಟನ್

ಮತ್ತೆ: ಇವತ್ತು ಮಂಗಳವಾರ, ಕಾಗದ ಇನ್ನೂ ಕೊರಿಯರಿಗೆ ಹೋಗಿಲ್ಲ. ಬೆಳಿಗ್ಗೆ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಆಪರೇಶನ್ನಿನ ಒಪ್ಪಿಗೆ ಪತ್ರಕ್ಕೆ ಅವಳು ಸಹಿ ಹಾಕಲಿಲ್ಲ. ಕನ್ನಡಕ ಹಾಕಿಸಿದೆ, ಪೆನ್ನು ಕೈಯಲ್ಲಿಟ್ಟೆ, ಡಾಕ್ಟರ ಎದುರೇ ಕಾಲು ಹಿಡಿಯುವುದೊಂದು ಬಾಕಿ. "ಇಬ್ಬರು ಮಕ್ಕಳೂ ಬರ್ಲಿ, ಮತ್ತೆ ಹಾಕ್ತೇನೆ" ಎಂದಳು. ನಾನು ಇಲ್ಲೇ ಇದ್ದೇನಲ್ಲ ಅಮ್ಮಾ ಎಂದೆ. "ನಿನ್ನನ್ನು ಯಾರು ಹೇಳಿದ್ದು? ಜಾನಿಸ್, ಮಿಚಿರು" ಎಂದಳು. ಹಾಗಾದರೆ ಮಗನೆಂದು ನಾನೇ ಸಹಿ ಹಾಕುತ್ತೇನೆ ಎಂದು ಡಾಕ್ಟರಿಗೆ ಹೇಳಿದೆ. ಅಮ್ಮನಿಗೆ ಪ್ರಜ್ಞೆ, ಬುದ್ಧಿ ಎಲ್ಲ ಸರಿಯಿರುವಾಗ ನನ್ನ ಸಹಿ ನಡೆಯುವುದಿಲ್ಲವಂತೆ. ಮೇಲೆ ಬರೆದದ್ದರಲ್ಲಿ ಒಂದು ಮಾತನ್ನೂ ಹೊಡೆದುಹಾಕಿಲ್ಲ, ನನ್ನ ಸಿಟ್ಟು ಹಾಗೇ ಇದೆ. ಇಬ್ಬರ ಪಾಸ್‌ಪೋರ್ಟಿನ ಪ್ರತಿಯನ್ನೂ ಐವಿಯ ಫೋನಿಗೆ ಇವತ್ತೇ ಕಳಿಸು. ಏರ್‌ಪೋರ್ಟಿಗೆ ನಾನೇ ಬರುತ್ತೇನೆ.