ಮಕ್ಕಳ ಶೂ ಹತ್ತಿರ ಬರುವ ಬಸ್ಸು

ಅಕ್ಕಾ,

ಸುಖವಾಗಿ ತಲುಪಿದೆ. ಆದರೆ ಕೆಲಸದ ಮೊದಲ ದಿನವೇ ಆಸ್ಪತ್ರೆಗೆ ಹೋಗುವ ಬಸ್ಸು ಹುಡುಕಿ ಸಾಕಾಯಿತು. ಅದಕ್ಕೆ ಕಾಯುತ್ತಲೇ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಎಲ್ಲ ಸಾಮಾನೂ ಮಾರುತ್ತಿದ್ದ ನಾಲ್ಕು ಮಹಡಿಯ ಅಂಗಡಿಯೊಂದು ಮುಚ್ಚಿದ ಮೇಲೆ ಅದರ ನೆಲಮಹಡಿಯನ್ನೇ ಬಸ್ ನಿಲ್ದಾಣ ಮಾಡಿದ್ದಾರೆ. ಗೋಡೆಯ ಕನ್ನಡಿಗಳನ್ನು ಕಿತ್ತಿಲ್ಲ. ಬಸ್ಸುಗಳು ಮುಖ ನೋಡಿಕೊಂಡೇ ಹೊರಡುತ್ತವೆ. ಏಳನೇ ಪ್ಲಾಟ್‌ಫಾರ್ಮ್ ಎಲ್ಲಿ ಎಂದರೆ ಒಬ್ಬರಿಗೂ ಗೊತ್ತಿಲ್ಲ. ಕೊನೆಗೆ ಕಸ ಗುಡಿಸುವವನು, "ಆಸ್ಪತ್ರೆ ಬಸ್ಸಾ? ಅದು ಮಕ್ಕಳ ಶೂ ಹತ್ರ ಬರುತ್ತೆ. ಪಾತ್ರೆ ದಾಟಿ ಎಡಕ್ಕೆ ತಿರುಗಿ," ಎಂದ. ಅಲ್ಲಿ ಪಾತ್ರೆಯೂ ಇಲ್ಲ, ಶೂವೂ ಇಲ್ಲ. ಊರಿನವರ ಬಾಯಲ್ಲಿ ಮಾತ್ರ ಅಂಗಡಿ ಇನ್ನೂ ಬಾಗಿಲು ಹಾಕಿಲ್ಲ!

ಟಿಕೆಟ್ ನೋಡುವ ಹೆಂಗಸು ಅದೇ ಜಾಗದಲ್ಲಿ ಇಪ್ಪತ್ತು ವರ್ಷ ಶೂ ಮಾರಿದವಳಂತೆ. ಟಿಕೆಟ್ಟಿಗಿಂತ ಮೊದಲು ನನ್ನ ಕಾಲು ನೋಡಿದಳು.

"ಒಂದು ನಂಬರ್ ಚಿಕ್ಕದು ಹಾಕ್ಕೊಂಡಿದ್ದೀಯಲ್ಲಮ್ಮ. ಹಿಮ್ಮಡಿ ಸುಲಿದಿದೆಯಾ?"

ಸುಲಿದಿತ್ತು. ಹಾಕಿಕೊಳ್ಳುತ್ತಾ ಸಡಿಲವಾಗುತ್ತಂತೆ ಎಂದೆ.

"ಹಾಗಂತ ಯಾವ ಪುಣ್ಯಾತ್ಮರು ಹೇಳಿದ್ದು?"

ಅಂಗಡಿಯವನು ಎಂದುಬಿಟ್ಟೆ. ನಿನ್ನ ಮಾನ ಉಳಿಸಿದ್ದೇನೆ ಅಕ್ಕಾ. ನೀನು ನನ್ನ ಕಾಲು ಉಳಿಸು. ಬಾಗಿಲ ಹಿಂದಿರುವ ನನ್ನ ಹಳೇ ಚಪ್ಪಲಿಯನ್ನು ಇವತ್ತೇ ಪಾರ್ಸೆಲ್ ಮಾಡು. ಬಸ್ಸು ಬಂತು.

ಕುಂಟುತ್ತಾ,
ನಿನ್ನ ತಂಗಿ